ಬೇಸಿಗೆ ರಜೆಗೊಂದು ಮುಯ್ಯಾಳು

ಬೇಸಿಗೆ ರಜೆಯೆಂಬುದು ಮಕ್ಕಳ ಪಾಲಿಗೆ ಹಬ್ಬ, ಹೆತ್ತವರ ಪಾಲಿಗೆ ಲೆಕ್ಕ. 2025ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದರೆ 48 ದಿನ. ಶಾಲೆಯ ಗಂಟೆ ಬಾರಿಸದ, ಹಾಜರಿ ಕರೆಯದ, ಮಧ್ಯಾಹ್ನದ ಬಿಸಿಯೂಟದ ತಟ್ಟೆ ಸದ್ದು ಮಾಡದ 48 ದಿನಗಳು. ಇಷ್ಟು ದೀರ್ಘವಾದ ಕಾಲವನ್ನು ಮಕ್ಕಳು ಹೇಗೆ ಕಳೆಯಬೇಕೆಂಬ ಪ್ರಶ್ನೆಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳನ್ನು ನಾನು ತಪ್ಪದೆ ಓದುತ್ತೇನೆ. ಈಜುಕೊಳ, ಚಿತ್ರಕಲಾ ಶಿಬಿರ, ಕುದುರೆ ಸವಾರಿ, ಗಿರಿಧಾಮದಲ್ಲಿ ನಾಲ್ಕು ದಿನ. ಎಲ್ಲವೂ ಚೆಂದವೇ. ಆದರೆ ಅವುಗಳನ್ನು ಬರೆಯುವವರು ಹುಬ್ಬಳ್ಳಿ ದಾಟಿ ತೆಂಕಣಕ್ಕೆ ಬರುವ ಪ್ಯಾಸೆಂಜರ್ ರೈಲಿನಲ್ಲಿ ಕುಳಿತು, ಸವಣೂರು ಮತ್ತು ಹಾವೇರಿ ನಿಲ್ದಾಣಗಳ ನಡುವೆ ಕರ್ಜಗಿಯಲ್ಲಿ ಒಮ್ಮೆ ಇಳಿದು ನೋಡಿದ್ದರೆ ಬೇರೆ ಪಟ್ಟಿಯನ್ನೇ ಬರೆಯುತ್ತಿದ್ದರೇನೋ ಎಂದು ಅನಿಸುವುದುಂಟು.

ನಿವೃತ್ತಿಯಾದ ಮೇಲೆ ನನ್ನ ಮನೆಯ ಪಡಸಾಲೆ ಓಣಿಯ ಮಕ್ಕಳಿಗೆ ತಂಗುದಾಣವಾಗಿದೆ. ಬಿಸಿಲು ಏರಿದರೆ ಬರುತ್ತಾರೆ, ನೀರು ಕುಡಿಯುತ್ತಾರೆ, ಹುಲಿಮನಿ ಬರೆಯುತ್ತಾರೆ, ಜಗಳಾಡುತ್ತಾರೆ, ಹೋಗುತ್ತಾರೆ. ಹುಬ್ಬಳ್ಳಿಯಲ್ಲಿರುವ ನನ್ನ ಮಗಳು ತನ್ನ ಮಗನನ್ನು ಒಂದು ಶಿಬಿರಕ್ಕೆ ಸೇರಿಸಲು ಸಾವಿರಗಟ್ಟಲೆ ರೂಪಾಯಿ ಶುಲ್ಕ ಕೇಳಿದರೆಂದು ದೂರವಾಣಿಯಲ್ಲಿ ಹೇಳಿದ ದಿನವೇ ನಾನು ಈ ಮಕ್ಕಳನ್ನು ಮೊದಲ ಬಾರಿಗೆ ಎಣಿಸಿದ್ದು. ಹನ್ನೊಂದು ಮಂದಿ, ಒಂಬತ್ತು ಮನೆ. ಅವರಲ್ಲಿ ಇಬ್ಬರ ತಂದೆಗೆ ಅಂಗಡಿಯಿದೆ, ಒಬ್ಬನ ತಂದೆ ಟ್ರ್ಯಾಕ್ಟರ್ ಓಡಿಸುತ್ತಾನೆ. ಉಳಿದವರ ತಾಯಂದಿರು ಹೊಲದ ಕೂಲಿಗೆ, ಕೆರೆ ಹೂಳೆತ್ತುವ ಕೆಲಸಕ್ಕೆ, ಇಲ್ಲವೆ ಬ್ಯಾಡಗಿಯ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವವರು.

‘ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ರಜೆಯ ಸಂತೋಷ’ ಎಂಬ ಮಾತನ್ನು ಈ ಒಂಬತ್ತು ಮನೆಗಳ ಮುಂದೆ ಇಟ್ಟು ನೋಡಿದಾಗ ಅದರ ಅರ್ಥವೇ ಬದಲಾಗುತ್ತದೆ. ಪ್ರಯಾಣದ ಖರ್ಚು ಈಗ ಹೆಚ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಹನ್ನೆರಡರೊಳಗಿನ ಗಂಡುಮಕ್ಕಳಿಗೆ ಅರ್ಧ ಟಿಕೆಟ್ಟು. ಪ್ಯಾಸೆಂಜರ್ ರೈಲಿನ ಕನಿಷ್ಠ ದರವೂ 2024ರಲ್ಲಿ ಮರಳಿ 10 ರೂಪಾಯಿಗೆ ಇಳಿಯಿತು. ಗುಡಿ, ಕೋಟೆ, ನದಿ, ಮರ ಇವುಗಳಿಗೆ ಶುಲ್ಕವೇ ಇಲ್ಲ, ಇದ್ದರೂ ಅಲ್ಪ. ಹಾಗಿದ್ದರೆ ತಾಯಿ ತನ್ನ ಮಗುವನ್ನು ಕರೆದುಕೊಂಡು ಗಳಗನಾಥಕ್ಕೆ ಹೋಗಿಬರಲು ತಡೆಯೇನು? ತಡೆ ಒಂದೇ: ಆ ದಿನದ ಕೂಲಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಆಗಿತ್ತು. ಮಳೆಗಾಲಕ್ಕೆ ಮುಂಚೆ ಕೆರೆ, ಕಾಲುವೆಗಳ ಕೆಲಸ ಜೋರಾಗಿ ನಡೆಯುವುದೂ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ, ಅಂದರೆ ಮಕ್ಕಳಿಗೆ ರಜೆಯಿರುವಾಗಲೇ. ಬಿಟ್ಟಿ ಬಸ್ಸಿನಲ್ಲಿ ಹೋಗಿಬರುವ ಒಂದು ದಿನದ ವಿಹಾರದ ನಿಜವಾದ ಬೆಲೆ 370 ರೂಪಾಯಿ, ಬುತ್ತಿಯ ಖರ್ಚು ಬೇರೆ. ಇಬ್ಬರೂ ಹೋದರೆ ಅದರ ಇಮ್ಮಡಿ. ನೌಕರಿಯಲ್ಲಿದ್ದ ನನ್ನಂಥವರಿಗೆ ರಜೆಯ ದಿನಕ್ಕೂ ಸಂಬಳ ಬರುತ್ತಿತ್ತು. ಆದ್ದರಿಂದ ಈ ಲೆಕ್ಕವನ್ನು ನಾವು ಮಾಡಬೇಕಾಗಿ ಬರಲಿಲ್ಲ.

ಆದುದರಿಂದ ಬಡವರ ಮಕ್ಕಳ ರಜೆಗೆ ಕೊರತೆಯಾಗಿರುವುದು ನೋಡತಕ್ಕ ಸ್ಥಳಗಳಲ್ಲ, ಹಣವೂ ಅಷ್ಟಾಗಿ ಅಲ್ಲ; ಜೊತೆಗಿರುವ ಒಬ್ಬ ಹಿರಿಯ ವ್ಯಕ್ತಿಯ ಸಮಯ. ಇದು ಮನಸ್ಸಿಗೆ ಹೊಳೆದ ಮೇಲೆ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಏಕೆಂದರೆ ಅಂಥ ಸಮಯವನ್ನು ಹಣವಿಲ್ಲದೆ ಕೊಟ್ಟು ಕೊಳ್ಳುವ ಪದ್ಧತಿಯೊಂದು ನಮ್ಮ ಒಕ್ಕಲುತನದಲ್ಲಿ ಮೊದಲಿನಿಂದಲೂ ಇದೆ. ಇಂದು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ಕಳೆಗೆ ನೀನು. ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಕೂಲಿ ಹೆಚ್ಚಿದಂತೆ, ಯಂತ್ರಗಳು ಬಂದಂತೆ ಹೊಲದಲ್ಲಿ ಮುಯ್ಯಾಳು ಕಡಿಮೆಯಾಗುತ್ತಿದೆ. ಮಕ್ಕಳ ಪಾಲನೆಗೆ ಅದನ್ನೇಕೆ ಕರೆಯಬಾರದು?

ಒಂದು ಭಾನುವಾರ ಸಂಜೆ ಒಂಬತ್ತು ಮನೆಯವರೂ ಪಡಸಾಲೆಯಲ್ಲಿ ಕುಳಿತೆವು. ಪ್ರತಿ ಮನೆಯಿಂದ ಒಬ್ಬರು ಹತ್ತು ದಿನಕ್ಕೊಮ್ಮೆ ಬೆಳಗಿನ ಏಳರಿಂದ ಮಧ್ಯಾಹ್ನ ಹನ್ನೆರಡರವರೆಗೆ ಎಲ್ಲ ಮಕ್ಕಳ ಜೊತೆಗೆ ಇರಬೇಕು. ಹತ್ತನೆಯ ದಿನ ನನ್ನದು. ನಾಲ್ಕು ಸರದಿಗೆ ನಾಲ್ಕು ದಿನಗಳ ಕೂಲಿ ಹೋಗುತ್ತದೆ ನಿಜ, ಆದರೆ ಉಳಿದ ದಿನಗಳಲ್ಲಿ ಮಗು ಎಲ್ಲಿದೆಯೋ ಎಂಬ ಚಿಂತೆಯಿಲ್ಲದೆ ದುಡಿಯಬಹುದು. ‘ನಾ ಏನ್ ಕಲಿಸ್ಲಿ ಅವ್ರಿಗೆ? ನನಗ ಸಹಿ ಮಾಡಾಕೂ ಬರಾಂಗಿಲ್ಲ’ ಎಂದು ಒಬ್ಬ ತಾಯಿ ಹಿಂಜರಿದಳು. ನಿನಗೆ ಏನು ಬರುತ್ತದೆಯೋ ಅದನ್ನು ಮಾಡಿಸು ಎಂದೆವು. ಆಕೆಯ ಸರದಿಯ ದಿನ ಮಕ್ಕಳು ಶಾವಿಗೆ ಹೊಸೆದರು. ಎಳೆ ದಪ್ಪವಾಗಿ, ಕೆಲವು ಕಡೆ ಹಗ್ಗದಂತಾಗಿದ್ದವು. ಅವನ್ನು ಬಿದಿರ ಕೋಲಿನ ಮೇಲೆ ಒಣಹಾಕಿ ಕಾಗೆ ಕಾಯುವ ಕೆಲಸಕ್ಕೆ ನಾಲ್ವರು ತಾವೇ ಮುಂದೆ ಬಂದರು. ಆ ಬೇಸಿಗೆಯ ಬೆಳಗುಗಳಲ್ಲಿ ಮಕ್ಕಳು ಅತಿ ಹೆಚ್ಚು ನೆನಪಿಸಿಕೊಳ್ಳುವುದು ಆ ದಿನವನ್ನೇ ಎಂಬುದನ್ನು, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.

ಊಟದ ಮಾತು ಮೊದಲ ಸಭೆಯಲ್ಲಿಯೇ ಬಂತು. ಹಾಲು, ಬಿಸಿಯೂಟ, ಮೊಟ್ಟೆ ಇವು ಶಾಲೆಯ ದಿನಗಳಲ್ಲಿ ಮಗುವಿಗೆ ದೊರೆಯುತ್ತವೆ, ರಜೆಯಲ್ಲಿ ದೊರೆಯುವುದಿಲ್ಲ. ಉಳ್ಳವರ ಮನೆಯ ಮಗು ರಜೆಯಲ್ಲಿ ಮೈತುಂಬಿಕೊಳ್ಳುತ್ತದೆ, ಇಲ್ಲದವರ ಮನೆಯ ಮಗು ಜೂನ್ ತಿಂಗಳಲ್ಲಿ ಶಾಲೆಗೆ ಬರುವಾಗ ಕೊರಳ ಎಲುಬು ಎದ್ದು ಕಾಣುತ್ತದೆ. ಇದನ್ನು ಯಾವ ಪುಸ್ತಕದಿಂದಲೂ ಓದಿ ಹೇಳುತ್ತಿಲ್ಲ. ತರಗತಿಯಲ್ಲಿ ವರ್ಷ ವರ್ಷವೂ ಕಂಡದ್ದು. 2023ರ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, 2024ರ ಬೇಸಿಗೆ ರಜೆಯಲ್ಲಿಯೂ ಆ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಬೇಯಿಸಲು ಸರ್ಕಾರ ಏರ್ಪಾಡು ಮಾಡಿತು. ಬರ ಬಂದ ವರ್ಷದ ಹಸಿವು ಕಣ್ಣಿಗೆ ಬೀಳುತ್ತದೆ, ಬಾರದ ವರ್ಷದ ಹಸಿವು ಬೀಳುವುದಿಲ್ಲ. ನಮ್ಮ ಓಣಿಯಲ್ಲಿ ಮಾಡಿಕೊಂಡದ್ದು ಇಷ್ಟೇ: ಸರದಿಯಿದ್ದ ಮನೆಯವರು ಅಡುಗೆಗೆ ನಿಲ್ಲುವುದು, ಪ್ರತಿ ಮನೆಯಿಂದ ವಾರಕ್ಕೊಮ್ಮೆ ಒಂದು ಸೇರು ಅಕ್ಕಿ ಅಥವಾ ಜೋಳ, ಇಬ್ಬರು ಅಂಗಡಿಯವರಿಂದ ಬೇಳೆ ಮತ್ತು ಎಣ್ಣೆ. ಹನ್ನೆರಡಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು. ಕಡಲೆಬೇಳೆ ಹಾಕಿದ ದಿನ ನೆರೆಯ ಓಣಿಯ ಮಕ್ಕಳೂ ಬರುತ್ತಿದ್ದರು. ಯಾರನ್ನೂ ಕಳಿಸಿದ್ದಿಲ್ಲ.

ಕ್ರೈಸ್ತ ಸಭೆಗಳಲ್ಲಿ ಬೇಸಿಗೆಯಲ್ಲಿ ನಡೆಯುವ ರಜಾಕಾಲದ ಬೈಬಲ್ ಶಾಲೆ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ಅದರ ಮೂಲವೂ ಇಂಥದೇ ಒಂದು ಓಣಿಯಲ್ಲಿದೆ ಎಂಬುದು ಅಷ್ಟಾಗಿ ಪರಿಚಿತವಲ್ಲ. 1898ರಲ್ಲಿ ನ್ಯೂಯಾರ್ಕ್ ನಗರದ ಪೂರ್ವ ಭಾಗದ ಬಡ ಕೇರಿಯಲ್ಲಿ, ಶಾಲೆ ಮುಚ್ಚಿದ ಕೂಡಲೇ ಬೀದಿಪಾಲಾಗುತ್ತಿದ್ದ ಮಕ್ಕಳನ್ನು ಕಂಡು ಎಲೈಜಾ ಹಾಸ್ ಎಂಬ ಮಹಿಳೆ ಅವರಿಗಾಗಿ ಬೇಸಿಗೆಯ ಶಾಲೆ ನಡೆಸಿದಳು. ಬೇರೆ ಸ್ಥಳ ದೊರೆಯದೆ ಆಕೆ ಬಾಡಿಗೆಗೆ ಹಿಡಿದದ್ದು ಮದ್ಯದಂಗಡಿಯೊಂದರ ಕೊಠಡಿಯನ್ನು. ಇಂದು ಅಲಂಕೃತ ವೇದಿಕೆ, ಧ್ವನಿವರ್ಧಕ, ಬಣ್ಣದ ಅಂಗಿಗಳಿಲ್ಲದೆ ಮಕ್ಕಳ ಶಿಬಿರ ಆಗುವುದೇ ಇಲ್ಲವೆಂದು ಹೇಳುವವರಿಗೆ ಆ ಮದ್ಯದಂಗಡಿಯ ಕೊಠಡಿಯನ್ನು ನೆನಪಿಸಬೇಕು.

ಬೆಳಗಿನ ಹೊತ್ತಿಗೆ ಒಂದು ಕ್ರಮ ತಾನಾಗಿ ಮೂಡಿತು. ಒಂಬತ್ತು ಗಂಟೆಯವರೆಗೆ ಬಯಲಾಟ: ಚಿಣಿಪಣಿ, ಲಗೋರಿ, ಬಗರಿ. ಬಿಸಿಲು ಕಾವೇರಿದ ಮೇಲೆ ನೆರಳಿನ ಆಟ. ಹುಣಸೆ ಬೀಜ ಒಡೆದು ಕವಡೆಯ ಬದಲು ಬಳಸಿ ಚೌಕಾಬಾರ ಆಡುವುದನ್ನು ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕಲಿಸಿದರು. ಮೂರು ದಿನಗಳ ಮೇಲೆ ಮಕ್ಕಳು ಆಕೆಯನ್ನು ಸೋಲಿಸಿದಾಗ ಅಜ್ಜಿ ಸಿಟ್ಟು ಮಾಡಿಕೊಂಡು ಎರಡು ದಿನ ಬರಲಿಲ್ಲ. ವಾರದಲ್ಲಿ ಎರಡು ಬೆಳಗು ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಆರಂಭವಾದಾಗ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅರಿವು ಕೇಂದ್ರವೆಂದು ಈಗ ಕರೆಯಲಾಗುವ ಈ ಗ್ರಂಥಾಲಯಗಳಲ್ಲಿ ಬೇಸಿಗೆಯಲ್ಲಿ ಮಕ್ಕಳ ಶಿಬಿರಗಳೂ ನಡೆದಿವೆ. ಇಷ್ಟು ಸುಲಭವಾಗಿ ಕೈಗೆಟಕುವ ವಸ್ತುವನ್ನು ನಮ್ಮ ಹೆತ್ತವರಲ್ಲಿ ಅನೇಕರು ಬಳಸುವುದಿಲ್ಲ. ‘ರಜಾದಾಗೂ ಓದಸ್ಬೇಕೇನ್ರಿ?’ ಎಂದು ಕೇಳುತ್ತಾರೆ. ಪರೀಕ್ಷೆಯಿಲ್ಲದ ಓದಿನ ರುಚಿ ಕಾಣದವರ ಪ್ರಶ್ನೆ ಅದು.

ಗ್ರಂಥಾಲಯದಲ್ಲಿ ನಾನು ಮಕ್ಕಳಿಗೆ ಗಳಗನಾಥರ ಕಥೆ ಹೇಳಿದೆ. ಅವರ ಕಾದಂಬರಿಯ ಕಥೆಯಲ್ಲ, ಅವರದೇ ಕಥೆ. ವೆಂಕಟೇಶ ತಿರಕೋ ಕುಲಕರ್ಣಿಯವರು, 1869ರಿಂದ 1942ರವರೆಗೆ ಬಾಳಿದವರು, ನಮ್ಮ ಜಿಲ್ಲೆಯ ಗಳಗನಾಥದವರು. ನಮಗೆ ಹತ್ತಿರದ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಗೆ ದುಡಿದವರು. ಕನ್ನಡಿಗರು ಪುಸ್ತಕ ಕೊಂಡು ಓದುವ ರೂಢಿಯಿಲ್ಲದ ಕಾಲದಲ್ಲಿ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ‘ಗಂಟು ಎಷ್ಟು ತೂಕ ಇತ್ತು?’ ಎಂದು ಒಬ್ಬ ಹುಡುಗ ಕೇಳಿದ. ಗ್ರಂಥಪಾಲಕರ ಅನುಮತಿ ಪಡೆದು ಮೂವತ್ತು ಪುಸ್ತಕಗಳನ್ನು ಪಂಚೆಯಲ್ಲಿ ಕಟ್ಟಿ ಅವನ ತಲೆಯ ಮೇಲೆ ಇರಿಸಿದೆವು. ಕೊಠಡಿಯ ಬಾಗಿಲಿನವರೆಗೆ ಹೋಗಿ ಇಳಿಸಿದ. ಆಮೇಲೆ ಪ್ರತಿಯೊಬ್ಬರೂ ಹೊರಬೇಕೆಂದು ಹಟ ಹಿಡಿದರು. ಓದಿನ ತಾಸು ಅದರಲ್ಲೇ ಮುಗಿಯಿತು.

ಇನ್ನು ನದಿಯ ವಿಷಯ. ಇದನ್ನು ಬರೆಯುವಾಗ ಕೈ ತುಸು ನಿಧಾನವಾಗುತ್ತದೆ.

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ನಮ್ಮೂರ ಪಕ್ಕದಲ್ಲಿ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುವ ವರದಾ ಬೇಸಿಗೆಯಲ್ಲಿ ಸೊರಗುತ್ತಾಳೆ. ಅಲ್ಲಲ್ಲಿ ಮಡುಗಳು, ನಡುವೆ ಮರಳು ಮತ್ತು ಬಂಡೆ. ಮಕ್ಕಳಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಆಕರ್ಷಕವಾದ ಆಟದ ಬಯಲು ಮತ್ತೊಂದಿಲ್ಲ. ಆದರೆ ನಮ್ಮ ತಂದೆಯವರ ಕಾಲದ ನದಿಯ ತಳ ಇಂದಿಲ್ಲ. ಅಂದು ತಳ ಮೆಲ್ಲಗೆ ಇಳಿಜಾರಾಗಿರುತ್ತಿತ್ತು. ಕಾಲಿಟ್ಟಷ್ಟೂ ಮರಳು, ಮೊಣಕಾಲಿನಿಂದ ಸೊಂಟದವರೆಗೆ ಹೋಗಲು ಹತ್ತು ಹೆಜ್ಜೆ. ಇಂದು ಮರಳು ತೆಗೆದ ಕಡೆಗಳಲ್ಲಿ ಒಂದೇ ಹೆಜ್ಜೆಗೆ ಆಳು ಮುಳುಗುವ ಗುಂಡಿಗಳಿವೆ, ಮೇಲಿನಿಂದ ನೋಡಿದರೆ ನೀರೆಲ್ಲ ಒಂದೇ ಬಣ್ಣ. ಕೃಷಿಹೊಂಡಗಳ ಅಂಚು ಪ್ಲಾಸ್ಟಿಕ್ ಹಾಳೆಯಿಂದ ಜಾರುತ್ತದೆ. ಜಾರಿದವನು ಹಿಡಿದು ಮೇಲೇರಲು ಬೇರಿಲ್ಲ, ಕಲ್ಲಿಲ್ಲ. ಬೇಸಿಗೆ ರಜೆಯಲ್ಲಿ ನೀರುಪಾಲಾದ ಮಕ್ಕಳ ಸುದ್ದಿಯಿಲ್ಲದ ವರ್ಷವನ್ನು ನಾನು ಕಂಡಿಲ್ಲ. ಅವರಲ್ಲಿ ಹೆಚ್ಚಿನವರು ಹಿರಿಯರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ತಮ್ಮಷ್ಟೇ ವಯಸ್ಸಿನ ಗೆಳೆಯರೊಡನೆ ಹೋದವರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ಐದು ವರ್ಷದೊಳಗಿನ ಕೂಸುಗಳು. ಮನೆಯಂಗಳದಲ್ಲೇ ಹೊಂಡಗಳಿರುವ ಬಾಂಗ್ಲಾದೇಶದಲ್ಲಿ ಇದಕ್ಕೆ ಕಂಡುಕೊಂಡ ಮದ್ದು ಬೇಲಿಯೂ ಅಲ್ಲ, ಬೋರ್ಡೂ ಅಲ್ಲ. ತಾಯಂದಿರು ದುಡಿಮೆಯಲ್ಲಿರುವ ಬೆಳಗಿನ ಹೊತ್ತು ಊರಿನ ಒಬ್ಬ ಹೆಂಗಸಿನ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಕೂಡಿಸಿಟ್ಟುಕೊಳ್ಳುವುದು. ಇದನ್ನು ಅವರು ‘ಆಂಚಲ್’ ಎಂದರೆ ಸೆರಗು ಎನ್ನುತ್ತಾರೆ. ಶಾಲೆಗೆ ಹೋಗುವ ವಯಸ್ಸಿನವರಿಗೆ ಊರಿನ ಹೊಂಡದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಈಜು ಕಲಿಸುವುದು. ಇವೆರಡರಿಂದ ಸಾವುಗಳು ಬಹುವಾಗಿ ತಗ್ಗಿದ್ದನ್ನು ಕಂಡು ವಿಶ್ವ ಆರೋಗ್ಯ ಸಂಸ್ಥೆಯೂ ಇವನ್ನು ಇತರ ದೇಶಗಳಿಗೆ ಶಿಫಾರಸು ಮಾಡಿದೆ. ನಮ್ಮ ಹೊಲದ ಮುಯ್ಯಾಳೂ ಅವರ ಸೆರಗೂ ದೂರದ ನಂಟರಲ್ಲ.

ನದಿಗೆ ಹೋಗಬೇಡಿ ಎಂದು ಹೇಳಿ ಬಾಯಿ ನೋಯಿಸಿಕೊಳ್ಳುವುದರಲ್ಲಿ ಅರ್ಥವಿಲ್ಲವೆಂದು ಟ್ರ್ಯಾಕ್ಟರ್ ಓಡಿಸುವ ತಂದೆ ಸಭೆಯಲ್ಲಿ ಹೇಳಿದ. ಬೇಡವೆಂದ ಕಡೆಗೇ ಹೋಗುತ್ತಾರೆ, ಹೇಳದೆ ಹೋಗುತ್ತಾರೆ; ಅದಕ್ಕಿಂತ ತಾನೇ ಕರೆದೊಯ್ಯುತ್ತೇನೆಂದ. ಅವನ ಸರದಿಯ ದಿನಗಳೆಲ್ಲ ನದಿಯ ದಿನಗಳಾದವು. ಮೊದಲಿಗೆ ತಾನೊಬ್ಬನೇ ಇಳಿದು ಉದ್ದನೆಯ ಕೋಲಿನಿಂದ ತಳ ತಡವಿ, ಗುಂಡಿಯಿಲ್ಲದ ಒಂದು ಜಾಗ ಗುರುತಿಸಿ, ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ. ಹಗ್ಗದ ಆಚೆ ಯಾರೂ ಇಲ್ಲ. ಒಮ್ಮೆಗೆ ಮೂವರು ಮಾತ್ರ ನೀರಿನಲ್ಲಿ, ಉಳಿದವರು ದಡದಲ್ಲಿ ಅವರ ಹೆಸರು ಕೂಗುತ್ತಿರಬೇಕು. ನಮ್ಮ ಕಾಲದಲ್ಲಿ ಬೆನ್ನಿಗೆ ಒಣಗಿದ ಸೋರೆಯ ಈಸುಬುರುಡೆ ಕಟ್ಟುತ್ತಿದ್ದರು. ಅವನು ಖಾಲಿ ಎಣ್ಣೆ ಕ್ಯಾನುಗಳ ಬಾಯಿ ಬಿಗಿದು ಕಟ್ಟಿದ. ಹೆಣ್ಣುಮಕ್ಕಳು ಈಜಬೇಕೋ ಬೇಡವೋ ಎಂಬ ಚರ್ಚೆ ಎದ್ದಿತು. ನೀರಿಗೆ ಹೆಣ್ಣು ಗಂಡು ತಿಳಿಯುವುದಿಲ್ಲ ಎಂದು ಅಜ್ಜಿಯೇ ತೀರ್ಪು ಕೊಟ್ಟರು. ಮೇ ತಿಂಗಳ ಮಧ್ಯದ ಹೊತ್ತಿಗೆ ಏಳು ಮಂದಿ ಕ್ಯಾನಿಲ್ಲದೆ ತೇಲುತ್ತಿದ್ದರು. ಈಜಲು ಬಂದವನು ಮುಳುಗುವುದಿಲ್ಲವೆಂಬ ಭ್ರಮೆಯೂ ಹುಟ್ಟದಿರಲೆಂದು, ಗೆಳೆಯ ಮುಳುಗುವಾಗ ತಾನು ಹಾರದೆ ಹಗ್ಗವನ್ನೋ ಟವೆಲನ್ನೋ ಕೋಲನ್ನೋ ಎಸೆಯಬೇಕೆಂಬುದನ್ನು ಅವನು ಪ್ರತಿಸಲ ಅಭ್ಯಾಸ ಮಾಡಿಸಿದ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಮನೆಗಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಊರ ಹೊರಗೆ ಎರಡೇ ಸಲ ಹೋದೆವು. ಮೊದಲ ಸಲ ಸವಣೂರಿಗೆ, ದೊಡ್ಡಹುಣಸೆ ಮರಗಳನ್ನು ನೋಡಲು. ಹೆಸರಿಗೆ ಹುಣಸೆಯಾದರೂ ಅವು ಆಫ್ರಿಕ ಖಂಡದ ಬೇವೊಬಾಬ್ ಮರಗಳು. ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರಿದ್ದವು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು, ಅದನ್ನು ಎತ್ತಿ ಮರುನಾಟಿ ಮಾಡಿದರು. ಯಾರು ತಂದು ನೆಟ್ಟರೆಂಬುದಕ್ಕೆ ಕೃಷ್ಣನಿಂದ ಹಿಡಿದು ವರ್ತಕರವರೆಗೆ ಕಥೆಗಳುಂಟು. ನಾನು ಯಾವ ಕಥೆಯನ್ನೂ ಹೇಳಲಿಲ್ಲ. ಕೈಚಾಚಿ ಅಳೆಯಿರಿ ಎಂದೆ. ಹನ್ನೊಂದು ಮಕ್ಕಳು ಕೈಗೆ ಕೈ ಜೋಡಿಸಿ ನಿಂತರೂ ದೊಡ್ಡ ಮರದ ಸುತ್ತು ಮುಗಿಯಲಿಲ್ಲ. ಬಿರುಬೇಸಿಗೆಯ ನಾಡಿನಲ್ಲಿ ಈ ಮರ ತನ್ನ ಕಾಂಡದಲ್ಲಿಯೇ ನೀರು ಕೂಡಿಟ್ಟು ಬದುಕುತ್ತದೆ, ಇದರ ಬಿಳಿಯ ಹೂಗಳು ರಾತ್ರಿ ಅರಳುತ್ತವೆ, ಪರಾಗವನ್ನು ಬಾವಲಿಗಳು ಒಯ್ಯುತ್ತವೆ ಎಂದಾಗ ಮಕ್ಕಳು ಮೇಲೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ಮರಳುವಾಗ ಸವಣೂರು ಖಾರದ ಒಂದೊಂದು ಪೊಟ್ಟಣ. ಗಂಡುಮಕ್ಕಳ ಅರ್ಧ ಟಿಕೆಟ್ಟಿಗಿಂತ ಖಾರಕ್ಕೇ ಹೆಚ್ಚು ಹಣವಾಯಿತು.

ಎರಡನೆಯದು ಗಳಗನಾಥ. ಪುಸ್ತಕದ ಗಂಟು ಹೊತ್ತ ಮೇಲೆ ಆ ಊರನ್ನು ನೋಡದೆ ಬಿಡುವಂತಿರಲಿಲ್ಲ. ಗಳಗೇಶ್ವರ ದೇಗುಲದ ತಳಗೋಡೆ ಪಿರಮಿಡ್ಡಿನಂತೆ ಓರೆಯಾಗಿ ಇಳಿದಿದೆ. ಚಾಲುಕ್ಯರ ಶಿಲ್ಪಿಗಳು ಎರಡು ನದಿಗಳ ನೆರೆಗೆ ಎದುರಾಗಿ ಕಟ್ಟುವಾಗ ಹೀಗೆ ಯೋಚಿಸಿರಬೇಕು ಎಂದು ನನ್ನ ಊಹೆ. ನಮ್ಮೂರಿನಲ್ಲಿ ತಾವು ಈಜಿದ ನೀರು ಇಲ್ಲಿಗೇ ಬರುತ್ತದೆಂದು ಹೇಳಿದಾಗ, ಹಿಂದಿನ ದಿನ ನದಿಯಲ್ಲಿ ಕಳೆದುಹೋದ ಚಪ್ಪಲಿಯನ್ನು ಒಬ್ಬಳು ದಡದುದ್ದಕ್ಕೂ ಹುಡುಕಿದಳು. ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ದೇಗುಲ, 2006ರಲ್ಲಿ ಘೋಷಿತವಾದ ಅಲ್ಲಿಯ ನವಿಲುಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಹಾವೇರಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಸಿದ್ಧೇಶ್ವರ ದೇಗುಲ ಇವೆಲ್ಲ ಪಟ್ಟಿಯಲ್ಲಿ ಉಳಿದಿವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ತಾಯಂದಿರೇ ಬೇಡವೆಂದರು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೊಗಳುತ್ತದೆ. ‘ದಿನಾ ಅದರಾಗ ಕುಂತು ತೊಟ್ಟು ಬಿಡಸೋರನ್ನ ಕೇಳ್ರಿ’ ಎಂಬುದು ಅವರ ಮಾತು.

ಮಣ್ಣಿನ ಕೆಲಸಕ್ಕೆ ನಮ್ಮೂರಿನಲ್ಲಿ ಬೇರೆಯೇ ಹುರುಪು. ಕರ್ಜಗಿಯ ಕಾರಹುಣ್ಣಿಮೆಯೆಂದರೆ ಸುತ್ತಲಿನ ಹಳ್ಳಿಗಳಿಂದ ಜನ ಸೇರುವ ಹಬ್ಬ. ಎತ್ತುಗಳದ್ದೇ ಅಂದು ದೊರೆತನ. ಅದು ಬರುವುದು ಸಾಮಾನ್ಯವಾಗಿ ಶಾಲೆ ತೆರೆದ ಮೇಲೆ, ಜೂನ್ ತಿಂಗಳಲ್ಲಿ. ಅದರ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಕ್ಕಳು ಅಲ್ಲಿಯವರೆಗೆ ಕಾಯದೆ ಮೇ ತಿಂಗಳಲ್ಲಿಯೇ ಕರಿಮಣ್ಣು ತಂದು ಎತ್ತು ಮಾಡತೊಡಗಿದರು. ಮನೆಯಲ್ಲಿ ನಿಜವಾದ ಎತ್ತು ಇರುವವರು ಈಗ ಓಣಿಯಲ್ಲಿ ಇಬ್ಬರೇ. ಒಬ್ಬ ಹುಡುಗ ಎತ್ತಿನ ಬದಲು ಟ್ರ್ಯಾಕ್ಟರ್ ಮಾಡಿ ಅದಕ್ಕೂ ಕೋಡು ಇಟ್ಟಿದ್ದ.

ಎಲ್ಲವೂ ಸರಿಯಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಹನ್ನೊಂದು ಮಕ್ಕಳಲ್ಲಿ ಹನ್ನೆರಡು ವರ್ಷದ ಒಬ್ಬಳಿಗೆ ರಜೆಯೇ ಇರಲಿಲ್ಲ. ಮೂರು ವರ್ಷದ ತಮ್ಮ ಸದಾ ಅವಳ ಸೊಂಟದ ಮೇಲೆ. ಶಾಲೆಯ ದಿನಗಳಲ್ಲಾದರೂ ಐದಾರು ತಾಸು ಅವಳು ಮಗುವಾಗಿರುತ್ತಿದ್ದಳು. ರಜೆಯಲ್ಲಿ ಪೂರ್ತಿ ತಾಯಿ. ಲಗೋರಿಯಲ್ಲಿ ಅವಳು ಓಡುವಂತಿಲ್ಲ, ನದಿಯಲ್ಲಿ ಇಳಿಯುವಂತಿಲ್ಲ. ದುಡಿಯುವ ತಾಯಂದಿರ ಕೂಸುಗಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ಗಳನ್ನು ಸಾರಿದ್ದು ಒಳ್ಳೆಯದೇ, ನಮ್ಮ ಓಣಿಯ ತಾಯಂದಿರಿಗೆ ಮಾತ್ರ ಪಡಸಾಲೆಯೇ ಹತ್ತಿರ. ಎರಡನೆಯ ಸುತ್ತಿನಿಂದ ಸರದಿಯವರ ಕೆಲಸಕ್ಕೆ ಒಂದು ಸಾಲು ಸೇರಿಸಿದೆವು: ತಮ್ಮ ಬಂದ ಕೂಡಲೇ ಅವನನ್ನು ಹಿರಿಯರು ಎತ್ತಿಕೊಳ್ಳಬೇಕು, ಹನ್ನೆರಡರವರೆಗೆ ಅಕ್ಕನಿಗೆ ಹಿಂದಿರುಗಿಸಬಾರದು. ಮೊದಲ ದಿನ ಅವಳಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು ತಮ್ಮನತ್ತಲೇ ನೋಡುತ್ತಿದ್ದಳು. ನಾಲ್ಕನೆಯ ದಿನ ಲಗೋರಿಯ ಕಲ್ಲು ಜೋಡಿಸುವಾಗ ಎದುರು ಪಕ್ಷದವನನ್ನು ದಬ್ಬಿ ಮೊಣಕೈ ಕೆತ್ತಿಸಿಕೊಂಡು ಬಂದಳು. ಕ್ಯಾನಿಲ್ಲದೆ ತೇಲಿದ ಏಳು ಮಂದಿಯಲ್ಲಿ ಅವಳೂ ಒಬ್ಬಳು.

ಮೇ ತಿಂಗಳ ಕೊನೆಗೆ ಮಳೆ ಬಿದ್ದಾಗ ಮುಯ್ಯಾಳು ಮುರಿಯಿತು. ಹದ ಬಂದ ಭೂಮಿ ಕಾಯುವುದಿಲ್ಲ; ಬಿತ್ತನೆಗೆ ಹೊರಟವರನ್ನು ನಿಲ್ಲಿಸುವಂತಿಲ್ಲ. ನದಿಗೆ ಹೊಸ ನೀರು ಬರುವುದೂ, ಮಕ್ಕಳ ಜೊತೆಗೆ ಯಾರೂ ಇಲ್ಲದಿರುವುದೂ ಅದೇ ವಾರ. ಕೊನೆಯ ಐದು ದಿನ ಅಜ್ಜಿಯೂ ನಾನೂ ಪಡಸಾಲೆಯ ಬಾಗಿಲಿಗೆ ಅಡ್ಡಲಾಗಿ ಕುಳಿತು ಕಾದೆವು. ಈ ಸಲ ಸರದಿಯ ಪಟ್ಟಿಯನ್ನು ಕೊನೆಯ ವಾರದಿಂದಲೇ ಬರೆಯಲು ಆರಂಭಿಸಿದ್ದೇವೆ. ಹೊಲವಿಲ್ಲದ ಅಂಗಡಿಯವರಿಬ್ಬರೂ ಒಂದೊಂದು ದಿನ ಒಪ್ಪಿದ್ದಾರೆ, ಅಜ್ಜಿ ಒಂದು ದಿನ, ನಾನು ಒಂದು ದಿನ. ಇನ್ನೂ ಮೂರು ದಿನಗಳ ಮುಂದೆ ಹೆಸರಿಲ್ಲ.